ಲಾರಿ ಇಳಿದು ಹೋದರೂ ಪರದೆಯಲ್ಲಿ ಹಳೇ ತೂಕ: ಸಾಕೆಟ್ ಸತ್ತದ್ದು ಪ್ರೋಗ್ರಾಂಗೆ ಗೊತ್ತೇ ಆಗುತ್ತಿಲ್ಲ

ಪೀಣ್ಯ_ಕೋಡ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಗುಜರಿ ಕಬ್ಬಿಣದ ಯಾರ್ಡಿಗೆ ವೇಬ್ರಿಡ್ಜ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಸಿ ಶಾರ್ಪ್, ವಿನ್‌ಫಾರ್ಮ್ಸ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಹೊರಟು ಒಂದು ಸಣ್ಣ ಕನ್ವರ್ಟರ್ ಡಬ್ಬಿಗೆ ಹೋಗುತ್ತದೆ. ಎಸ್‌ಪಿ ರೋಡಿನಲ್ಲಿ ತಂದದ್ದು, ಮೇಲೆ ಕಂಪನಿ ಹೆಸರೂ ಇಲ್ಲ. ಅಲ್ಲಿಂದ ಲ್ಯಾನ್ ಕೇಬಲ್, ಸ್ವಿಚ್, ಆಮೇಲೆ ಆಫೀಸಿನ ಪಿಸಿ. ಕನ್ವರ್ಟರ್ ಸರ್ವರ್, ನನ್ನ ಪ್ರೋಗ್ರಾಂ ಕ್ಲೈಂಟ್. ಐಪಿ 192.168.1.50, ಪೋರ್ಟ್ 4001. ಇಂಡಿಕೇಟರ್ ಸೆಕೆಂಡಿಗೆ ನಾಲ್ಕೈದು ಸಲ ತೂಕ ಕಳಿಸುತ್ತಲೇ ಇರುತ್ತದೆ. ಲಾರಿ ಇಲ್ಲದಿದ್ದರೂ ಸೊನ್ನೆ ಕಳಿಸುತ್ತದೆ. ಓದುವುದಕ್ಕೆ ರೀಡ್ ಅಸಿಂಕ್ (ಡೇಟಾ ಬರುವವರೆಗೆ ಹಿನ್ನೆಲೆಯಲ್ಲಿ ಕಾಯುವ ರೀಡ್) ಬಳಸಿದ್ದೇನೆ.

ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನದ ಹೊತ್ತಿಗೆ ಯಾವಾಗಲೋ ಪರದೆಯಲ್ಲಿ ತೂಕ ನಿಂತುಬಿಡುತ್ತದೆ. ಎರರ್ ಇಲ್ಲ, ಎಕ್ಸೆಪ್ಶನ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಟಿಸಿಪಿ ಕ್ಲೈಂಟ್‌ನ ಕನೆಕ್ಟೆಡ್ ಕೇಳಿದರೆ ಟ್ರೂ ಅನ್ನುತ್ತದೆ. ನಿನ್ನೆ ಒಂದು ಲಾರಿ ವೇಬ್ರಿಡ್ಜ್ ಇಳಿದು ಹೋದ ಮೇಲೂ ಪರದೆಯಲ್ಲಿ 12,450 ಹಾಗೇ ಇತ್ತು. ಮುಂದಿನ ಲಾರಿ ಹತ್ತಿತು, ಆಪರೇಟರ್ ಹುಡುಗ ಚೀಟಿ ಒತ್ತಿಬಿಟ್ಟ. ಒಬ್ಬರ ತೂಕ ಇನ್ನೊಬ್ಬರಿಗೆ! ಆ ಡ್ರೈವರ್ ಕೆಂಪು ಡಿಸ್‌ಪ್ಲೇ ನೋಡಿಕೊಂಡು ಬಂದಿದ್ದ, ಜಗಳ ತೆಗೆದ, ಹಾಗಾಗಿ ಗೊತ್ತಾಯಿತು. ಇಲ್ಲದಿದ್ದರೆ ಬಿಲ್ ಆಗಿ ಹೋಗುತ್ತಿತ್ತು.

ಇದರ ಜೊತೆಗೆ ಇನ್ನೊಂದು. ಕೆಲವು ದಿನ ಬೆಳಿಗ್ಗೆ ಪಿಸಿ ಆನ್ ಮಾಡಿ ಪ್ರೋಗ್ರಾಂ ತೆರೆದರೆ 10061, ಕನೆಕ್ಷನ್ ರೆಫ್ಯೂಸ್ಡ್. ಕನ್ವರ್ಟರ್ ಪಿಂಗ್ ಆಗುತ್ತದೆ, ಆದರೂ ರೆಫ್ಯೂಸ್ಡ್. ಅದರ ಪವರ್ ಪಿನ್ ಕಿತ್ತು ಮತ್ತೆ ಹಾಕಿದರೆ ಸರಿ ಹೋಗುತ್ತದೆ.

ಮೂರನೆಯದು ಅಪರೂಪ, ಆದರೆ ಭಯ ಹುಟ್ಟಿಸುವುದು ಇದೇ. ಒಂದೊಂದು ಸಲ 12,450 ಇರಬೇಕಾದ ಕಡೆ 450 ಬಂದು ಮಾಯವಾಗುತ್ತದೆ. ಮಾಲೀಕರು ‘ಸಾಫ್ಟ್‌ವೇರೇ ಸರಿಯಿಲ್ಲ’ ಅನ್ನುತ್ತಿದ್ದಾರೆ. ಇವೆಲ್ಲ ಒಂದೇ ರೋಗವಾ, ಬೇರೆ ಬೇರೆಯಾ?

ತಿಪ್ಪಸಂದ್ರ_ತಮ್ಮ

ಸರ್, ಸಾಕೆಟ್ (ಕನೆಕ್ಷನ್‌ನ ನಿಮ್ಮ ಕಡೆಯ ತುದಿ) ಮೇಲೆ ಕೀಪ್ ಅಲೈವ್, ಅಂದರೆ ಆ ಕಡೆಯವರು ಬದುಕಿದ್ದಾರಾ ಅಂತ ವಿಚಾರಿಸುವ ಆಪ್ಶನ್, ಟ್ರೂ ಮಾಡಿ. ಒಂದೇ ಸಾಲು. ನಮ್ಮಲ್ಲಿ ಅದರಿಂದಲೇ ಸರಿ ಹೋಯಿತು. ಅದೂ ಆಗದಿದ್ದರೆ ಕನೆಕ್ಷನ್ ಇಟ್ಟುಕೊಳ್ಳುವುದೇ ಬೇಡ. ಚೀಟಿ ಒತ್ತಿದಾಗ ಕನೆಕ್ಟ್ ಮಾಡಿ, ತೂಕ ಓದಿ, ಮುಚ್ಚಿಬಿಡಿ.

ಹಳೇ_ಸೀರಿಯಲ್_ಕೇಬಲ್

ತಮ್ಮ ಹೇಳಿದ್ದು ಅರ್ಧ ಉತ್ತರ. ಕೀಪ್ ಅಲೈವ್ ಸುಮ್ನೆ ಟ್ರೂ ಮಾಡಿದರೆ ವಿಂಡೋಸ್ ಮೊದಲ ಪ್ರೋಬ್ (ವಿಚಾರಿಸುವ ಪ್ಯಾಕೆಟ್) ಕಳಿಸುವುದು ಎರಡು ಗಂಟೆ ಸದ್ದಿಲ್ಲದೆ ಕಳೆದ ಮೇಲೆ. ಇದು ವಿಂಡೋಸ್‌ನ ಹುಚ್ಚಲ್ಲ. 1989ರ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 1122 ಹೇಳುವುದೇ ಹಾಗೆ: ಕೀಪ್ ಅಲೈವ್ ಡಿಫಾಲ್ಟ್ ಆಗಿ ಆಫ್ ಇರಬೇಕು, ಡಿಫಾಲ್ಟ್ ಅಂತರ ಎರಡು ಗಂಟೆಗಿಂತ ಕಡಿಮೆ ಇರಬಾರದು. ಪ್ಯಾಕೆಟ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ನೆಟ್‌ವರ್ಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮ ಅದು. ಲಿನಕ್ಸ್‌ನಲ್ಲೂ ಡಿಫಾಲ್ಟ್ 7200 ಸೆಕೆಂಡೇ. ಎರಡು ಗಂಟೆಯಲ್ಲಿ ನಿಮ್ಮ ಯಾರ್ಡಿನಲ್ಲಿ ಎಷ್ಟು ಲಾರಿ ದಾಟುತ್ತವೆ, ಲೆಕ್ಕ ಹಾಕಿ.

ಪೀಣ್ಯದವರೇ, ಮೊದಲು ಒಂದು ಮಾತು ಹೇಳಿ. ಪಿಸಿಗೆ ಯುಪಿಎಸ್ ಇದೆ, ಕನ್ವರ್ಟರ್‌ಗೆ ಇಲ್ಲ, ಅಲ್ವಾ? ಬೇಕಾದರೆ ಬೆಟ್ ಕಟ್ಟುತ್ತೇನೆ. ಮಧ್ಯಾಹ್ನ ಕರೆಂಟ್ ಹೋಗಿ ಬಂದಾಗಲೇ ಇದು ಆಗುವುದು.

ಒಳಗೆ ಏನಾಗುತ್ತದೆ ಅಂದರೆ, ಕರೆಂಟ್ ಹೋದ ಕ್ಷಣ ಕನ್ವರ್ಟರ್ ಸತ್ತಿತು. ಸಾಯುವಾಗ ಯಾರಿಗೂ ಫಿನ್ (ಕನೆಕ್ಷನ್ ಮುಗಿಸುತ್ತಿದ್ದೇನೆ ಅನ್ನುವ) ಪ್ಯಾಕೆಟ್ ಕಳಿಸಲಿಲ್ಲ, ಕಳಿಸಲು ಟೈಮ್ ಎಲ್ಲಿದೆ? ಹತ್ತು ಸೆಕೆಂಡಿಗೆ ಎದ್ದು ಕೂತಿತು. ಹಳೇ ಕನೆಕ್ಷನ್ ಅದರ ನೆನಪಿನಲ್ಲಿಲ್ಲ. ನಿಮ್ಮ ಪಿಸಿ ಮಾತ್ರ ಯುಪಿಎಸ್ ಮೇಲೆ ಆರಾಮಾಗಿ ಕೂತಿದೆ, ಅದರ ಪ್ರಕಾರ ಕನೆಕ್ಷನ್ ಇನ್ನೂ ಇದೆ. ಇದಕ್ಕೆ ಹಾಫ್ ಓಪನ್ ಅನ್ನುತ್ತಾರೆ. ನೀವು ಒಂದೇ ಒಂದು ಬೈಟ್ ಕಳಿಸಿದ್ದರೂ ಕನ್ವರ್ಟರ್ ‘ನೀನ್ಯಾರಪ್ಪ’ ಅಂತ ಆರ್‌ಎಸ್‌ಟಿ (ಕನೆಕ್ಷನ್ ಕಡಿದುಹಾಕುವ ಪ್ಯಾಕೆಟ್) ಹೊಡೆಯುತ್ತಿತ್ತು, ನಿಮಗೆ 10054 ಎರರ್ ಬರುತ್ತಿತ್ತು, ಲಾಗ್‌ನಲ್ಲಿ ಬೀಳುತ್ತಿತ್ತು. ಆದರೆ ನಿಮ್ಮ ಪ್ರೋಗ್ರಾಂ ಬರೀ ಕೇಳುತ್ತದೆ, ಏನೂ ಕಳಿಸುವುದಿಲ್ಲ. ಬರೀ ಕೇಳುವವನಿಗೆ ಟಿಸಿಪಿ ಏನೂ ಹೇಳುವುದಿಲ್ಲ. ನೀವು ಇಟ್ಟ ರೀಡ್ ಅಸಿಂಕ್ ಅಲ್ಲೇ ಕಾಯುತ್ತಿರುತ್ತದೆ, ಇವತ್ತು ಸಂಜೆಯವರೆಗೂ, ನಾಳೆಯವರೆಗೂ.

ಕನೆಕ್ಟೆಡ್ ಅನ್ನುವ ಪ್ರಾಪರ್ಟಿಯನ್ನು ಮರೆತುಬಿಡಿ. ಕಳೆದ ಸಲ ಓದಿದಾಗಲೋ ಬರೆದಾಗಲೋ ಪರಿಸ್ಥಿತಿ ಹೇಗಿತ್ತು ಅಂತ ಮಾತ್ರ ಅದು ಹೇಳುತ್ತದೆ. ಅದನ್ನು ನಂಬಿ ಸ್ಟೇಟಸ್ ಬಾರಿನಲ್ಲಿ ಹಸಿರು ಚುಕ್ಕಿ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಟೆಸ್ಟ್ ಮಾಡುವಾಗ ಒಂದು ಎಚ್ಚರ. ಪಿಸಿಯ ಹಿಂದಿನ ಲ್ಯಾನ್ ಕೇಬಲ್ ಕಿತ್ತು ನೋಡಬೇಡಿ. ಅದು ಬೇರೆ ಕಥೆ, ಲಿಂಕ್ ಹೋದದ್ದು ವಿಂಡೋಸ್‌ಗೆ ತಕ್ಷಣ ಗೊತ್ತಾಗುತ್ತದೆ. ಸ್ವಿಚ್ ಹಾಗೇ ಇರಲಿ, ಕನ್ವರ್ಟರ್‌ನ ಪವರ್ ಪಿನ್ ಕಿತ್ತು ಮತ್ತೆ ಹಾಕಿ. ಆಮೇಲೆ ಪಿಸಿಯಲ್ಲಿ ಕನೆಕ್ಷನ್‌ಗಳ ಪಟ್ಟಿ ತೋರಿಸುವ ನೆಟ್‌ಸ್ಟ್ಯಾಟ್ ಹಾಕಿ, ಎ ಎನ್ ಓ ಮೂರೂ ಆಪ್ಶನ್ ಸೇರಿಸಿ. 192.168.1.50:4001 ಇರುವ ಸಾಲಿನಲ್ಲಿ ಎಸ್ಟಾಬ್ಲಿಷ್ಡ್ ಅಂತಲೇ ಇದ್ದು, ತೂಕ ಮಾತ್ರ ಬರುತ್ತಿಲ್ಲ ಅಂದರೆ ನಾನು ಹೇಳಿದ್ದೇ ಸರಿ.

ಇನ್ನು ಮದ್ದು. ಸಾಕೆಟ್ ಬದುಕಿದೆಯಾ ಅಂತ ಸಾಕೆಟ್ಟನ್ನೇ ಕೇಳುವುದು ಬಿಡಿ. ನಿಮ್ಮ ಇಂಡಿಕೇಟರ್ ಸೆಕೆಂಡಿಗೆ ನಾಲ್ಕು ಸಲ ಮಾತಾಡುತ್ತದೆ, ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಪೂರ್ತಿ ತೂಕ ಬಂದಾಗಲೆಲ್ಲ ಹೊತ್ತು ಬರೆದಿಟ್ಟುಕೊಳ್ಳಿ. ಪಿಸಿ ಗಡಿಯಾರ ಹಿಂದೆ ಮುಂದೆ ಆಗಬಹುದು, ಅದಕ್ಕೆ ಡೇಟ್‌ಟೈಮ್ ಬೇಡ, ಸ್ಟಾಪ್‌ವಾಚ್ ಬಳಸಿ. ಅರ್ಧ ಸೆಕೆಂಡಿಗೊಮ್ಮೆ ಒಂದು ಟೈಮರ್ ನೋಡಲಿ. ಎರಡು ಸೆಕೆಂಡಿಂದ ಏನೂ ಬಂದಿಲ್ಲ ಅಂದರೆ ಪರದೆಯ ಅಂಕಿ ಅಳಿಸಿ ಅಡ್ಡಗೆರೆ ತೋರಿಸಿ, ಚೀಟಿ ಬಟನ್ ಒತ್ತಲು ಆಗದ ಹಾಗೆ ಮಾಡಿ. ಮೊದಲು ಈ ಕೆಲಸ. ಐದು ಸೆಕೆಂಡಾದರೆ ಸಾಕೆಟ್ ಮುಚ್ಚಿ ಹೊಸದಾಗಿ ಕನೆಕ್ಟ್ ಮಾಡಿ. ಮರುಕನೆಕ್ಟ್ ತಡವಾದರೆ ಮಾಲೀಕರು ಬೈಯುತ್ತಾರೆ ಅಷ್ಟೇ. ಹಳೇ ತೂಕ ಪರದೆಯಲ್ಲಿ ಉಳಿದರೆ ಒಬ್ಬರ ದುಡ್ಡು ಹೋಗುತ್ತದೆ.

ರೀಡ್ ಟೈಮ್‌ಔಟ್ ಇಟ್ಟರೆ ಸಾಕಲ್ವಾ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಅದು ಕೆಲಸ ಮಾಡುವುದು ಸಾದಾ ರೀಡ್‌ಗೆ ಮಾತ್ರ. ರೀಡ್ ಅಸಿಂಕ್‌ಗೆ ಅದರ ಲೆಕ್ಕವೇ ಇಲ್ಲ. 4.8ರಲ್ಲಿ ಕ್ಯಾನ್ಸಲೇಶನ್ ಟೋಕನ್ ಕೊಟ್ಟರೂ ನಡುವೆ ನಿಂತ ರೀಡ್ ಬಿಟ್ಟು ಬರುವುದಿಲ್ಲ. ಸಾಕೆಟ್ ಕ್ಲೋಸ್ ಮಾಡಿದರೆ ಆ ರೀಡ್ ಎಕ್ಸೆಪ್ಶನ್ ಎಸೆದುಕೊಂಡು ಹೊರಗೆ ಬರುತ್ತದೆ. ಅದನ್ನು ಹಿಡಿದು ಮುಂದೆ ಹೋಗಿ.

ಕೀಪ್ ಅಲೈವ್ ಬೇಡ ಅನ್ನುತ್ತಿಲ್ಲ, ಜೊತೆಗಿರಲಿ. ಐಒ ಕಂಟ್ರೋಲ್‌ನಲ್ಲಿ ಕೀಪ್ ಅಲೈವ್ ವ್ಯಾಲ್ಯೂಸ್ ಅಂತ ಇದೆ. ಅದಕ್ಕೆ 12 ಬೈಟ್ ಕೊಡಬೇಕು, ನಾಲ್ಕು ನಾಲ್ಕು ಬೈಟಿನ ಮೂರು ಅಂಕಿ: ಆನ್ ಅಂತ 1, ಕಾಯುವ ಸಮಯ, ಪ್ರೋಬ್‌ಗಳ ನಡುವಿನ ಅಂತರ. ಎರಡೂ ಮಿಲಿಸೆಕೆಂಡಿನಲ್ಲಿ. 5000 ಮತ್ತು 1000 ಹಾಕಿ. ವಿಂಡೋಸ್ ಹತ್ತು ಪ್ರೋಬ್ ಕಳಿಸಿ ಉತ್ತರ ಬರದಿದ್ದರೆ ಕೈ ಬಿಡುತ್ತದೆ, ಅಂದರೆ ಹದಿನೈದು ಸೆಕೆಂಡಿನ ಆಸುಪಾಸು. ಎದ್ದು ಕೂತ ಕನ್ವರ್ಟರ್ ಆದರೆ ಮೊದಲ ಪ್ರೋಬ್‌ಗೇ ಆರ್‌ಎಸ್‌ಟಿ ಕೊಡುತ್ತದೆ.

450ರ ಸಮಾಚಾರಕ್ಕೆ ಬರುತ್ತೇನೆ. ಬಂದ ಬಫರ್ ಅನ್ನು ಹಾಗೇ ಸ್ಟ್ರಿಂಗ್ ಮಾಡಿ ಇಂಟ್ ಪಾರ್ಸ್‌ಗೆ ಕೊಡುತ್ತಿದ್ದೀರಿ ಅಂತ ಕಾಣುತ್ತದೆ. ಟಿಸಿಪಿಯಲ್ಲಿ ಮೆಸೇಜ್ ಅನ್ನುವುದೇ ಇಲ್ಲ. ಆ ಕಡೆಯವರು ಮೂಟೆ ಲೆಕ್ಕದಲ್ಲಿ ಕಳಿಸಿದರೂ ಈ ಕಡೆ ಬಂದು ಬೀಳುವುದು ಸುರಿದ ರಾಗಿ. ಒಂದು ರೀಡ್‌ಗೆ ಒಂದೂವರೆ ತೂಕ ಬರಬಹುದು, ಮುಂದಿನದಕ್ಕೆ ಉಳಿದರ್ಧ. ಬಂದದ್ದನ್ನೆಲ್ಲ ಒಂದು ಕಡೆ ಸೇರಿಸುತ್ತಾ ಹೋಗಿ. ಕೊನೆಯ ಗುರುತು ಸಿಕ್ಕಾಗ ಮಾತ್ರ ಕತ್ತರಿಸಿ. ನಿಮ್ಮ ಇಂಡಿಕೇಟರ್‌ದು ಕ್ಯಾರೇಜ್ ರಿಟರ್ನ್ ಇರಬಹುದು, ಮ್ಯಾನುಯಲ್ ನೋಡಿ. ಕತ್ತರಿಸಿದ ತುಂಡಿನ ಉದ್ದ ಸರಿಯಿಲ್ಲದಿದ್ದರೆ ಎಸೆಯಿರಿ. ಕನೆಕ್ಟ್ ಆದ ಮೇಲೆ ಬರುವ ಮೊದಲ ತುಂಡನ್ನು ಉದ್ದ ನೋಡದೆಯೇ ಎಸೆಯಿರಿ, ಅದು ನಡುವಿನಿಂದ ಶುರುವಾಗಿರಬಹುದು. 12,450 ಕೆಟ್ಟು 12ಎ# ಅಂತ ಬಂದರೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ, ಒಳ್ಳೆಯದೇ. ಒಡೆದು 450 ಆದರೆ ಅದೂ ಒಂದು ತೂಕವೇ, ಯಾರಿಗೂ ಅನುಮಾನ ಬರುವುದಿಲ್ಲ. ರೀಡ್ ಸೊನ್ನೆ ಬೈಟ್ ಕೊಟ್ಟರೆ ಆ ಕಡೆಯವರು ನೆಟ್ಟಗೆ ಮುಚ್ಚಿದರು ಅಂತ ಅರ್ಥ, ಅದನ್ನೂ ನೋಡಿಕೊಳ್ಳಿ. ಇಲ್ಲದಿದ್ದರೆ ಲೂಪ್ ಸುತ್ತಿ ಸುತ್ತಿ ಸಿಪಿಯು ತಿನ್ನುತ್ತದೆ.

10061ಕ್ಕೆ ಮೊದಲು ಒಂದು ಪ್ರಶ್ನೆ. ರಾತ್ರಿ ಪಿಸಿ ಹೇಗೆ ಆಫ್ ಮಾಡುತ್ತಾರೆ?

ತಮ್ಮನ ಎರಡನೇ ಸಲಹೆ ಬಗ್ಗೆ: ಚೀಟಿಗೊಂದು ಕನೆಕ್ಷನ್ ಅಂದರೆ ಲೈವ್ ತೂಕ ಪರದೆಯಲ್ಲಿ ಕಾಣುವುದಿಲ್ಲ. ಲಾರಿ ನಿಂತಿದೆಯಾ, ತೂಕ ಇನ್ನೂ ಅಲ್ಲಾಡುತ್ತಿದೆಯಾ ಅಂತ ಆಪರೇಟರ್‌ಗೆ ಹೇಗೆ ಗೊತ್ತಾಗಬೇಕು? ನಾನಾದರೆ ಮಾಡುವುದಿಲ್ಲ.

ಪೀಣ್ಯ_ಕೋಡ್

ಗುರುಗಳೇ, ಬೆಟ್ ಕಟ್ಟಿದ್ದರೆ ಗೆಲ್ಲುತ್ತಿದ್ದಿರಿ. ಯುಪಿಎಸ್ ಪಿಸಿಗೆ ಮಾತ್ರ. ಕನ್ವರ್ಟರ್ ವೇಬ್ರಿಡ್ಜ್ ಪಕ್ಕದ ಶೀಟ್ ರೂಮಿನಲ್ಲಿದೆ. ಅದೇ ಬೋರ್ಡಿನಲ್ಲಿ ವೆಲ್ಡಿಂಗ್‌ನವರೂ ಪಿನ್ ಹಾಕುತ್ತಾರೆ. ಪಿನ್ ಕಿತ್ತು ಹಾಕಿ ನೋಡಿದೆ. ನೆಟ್‌ಸ್ಟ್ಯಾಟ್‌ನಲ್ಲಿ ಎಸ್ಟಾಬ್ಲಿಷ್ಡ್, ಪರದೆಯಲ್ಲಿ ಹಳೇ ಅಂಕಿ. ನೀವು ಹೇಳಿದ ಹಾಗೇ.

ಪಿಸಿ ಆಫ್ ಮಾಡುವ ವಿಚಾರ ಆಪರೇಟರ್ ಹುಡುಗನನ್ನು ಕೇಳಿದೆ. ಸಂಜೆ ಆತುರದಲ್ಲಿ ಯುಪಿಎಸ್ ಬಟನ್ನೇ ಒತ್ತಿ ಹೊರಟುಬಿಡುತ್ತಾನೆ. ಗೊರಗುಂಟೆಪಾಳ್ಯ ಜಂಕ್ಷನ್ ಜಾಮ್ ಆಗುವ ಮೊದಲು ದಾಟಬೇಕಂತೆ. ಶಟ್‌ಡೌನ್ ಮಾಡಿ ಹೋದ ದಿನ ಮಾರನೇ ಬೆಳಿಗ್ಗೆ ತೊಂದರೆ ಇಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೋಗ್ರಾಂ ಕೊಂದು ನೋಡಿದೆ, ಆಗಲೂ ತೊಂದರೆ ಇಲ್ಲ.

ಹಳೇ_ಸೀರಿಯಲ್_ಕೇಬಲ್

ಹಾಗಾದರೆ ಅದೇ ರೋಗ, ದಿಕ್ಕು ಮಾತ್ರ ಉಲ್ಟಾ. ಪ್ರೋಗ್ರಾಂ ಕೊಂದರೂ ವಿಂಡೋಸ್ ಬದುಕಿರುತ್ತದೆ, ಅದು ಸಾಕೆಟ್ ಮುಚ್ಚಿ ಆ ಕಡೆಗೆ ತಿಳಿಸುತ್ತದೆ. ಯುಪಿಎಸ್ ಬಟನ್ ಒತ್ತಿದರೆ ತಿಳಿಸುವವರೇ ಇಲ್ಲ. ಈಗ ಹಳೇ ಕನೆಕ್ಷನ್ ಹಿಡಿದುಕೊಂಡು ಕೂತಿರುವುದು ಕನ್ವರ್ಟರ್. ಇಂಥ ಡಬ್ಬಿಗಳು ಬಹಳಷ್ಟು ಒಂದು ಸಲಕ್ಕೆ ಒಬ್ಬನೇ ಕ್ಲೈಂಟ್ ಅನ್ನುತ್ತವೆ. ಬೆಳಿಗ್ಗೆ ನೀವು ಹೋಗಿ ಬಾಗಿಲು ತಟ್ಟಿದರೆ ‘ಒಳಗೆ ಆಗಲೇ ಒಬ್ಬರಿದ್ದಾರೆ’ ಅಂತ ಆರ್‌ಎಸ್‌ಟಿ, ಅದೇ 10061. ಆ ಒಬ್ಬರು ನಿನ್ನೆಯ ನೀವೇ.

ಇದನ್ನು ಪಿಸಿ ಕಡೆಯಿಂದ ಸರಿ ಮಾಡಲು ಆಗುವುದಿಲ್ಲ. ಕನ್ವರ್ಟರ್‌ನ ವೆಬ್ ಪೇಜ್ ತೆರೆದು ಕೀಪ್ ಅಲೈವ್ ಅಥವಾ ಇನ್‌ಆ್ಯಕ್ಟಿವ್ ಟೈಮ್ ಅನ್ನುವ ಥರದ ಸೆಟ್ಟಿಂಗ್ ಹುಡುಕಿ. ಸೊನ್ನೆ ಇದ್ದರೆ ಸಾಮಾನ್ಯವಾಗಿ ‘ಯಾವತ್ತೂ ಬಿಡಬೇಡ’ ಅಂತ. ಅರ್ಧ ನಿಮಿಷಕ್ಕೆ ಇಡಿ.

ಮಲ್ಲೇಶ್ವರಂ_ಪ್ಯಾಕೆಟ್

ಒಂದು ಅನುಮಾನ ಸರ್. ಕನ್ವರ್ಟರ್ ಸೆಕೆಂಡಿಗೆ ನಾಲ್ಕು ಸಲ ತೂಕ ಕಳಿಸುತ್ತಲೇ ಇರುತ್ತದೆ ಅಂದರಲ್ಲ. ರಾತ್ರಿಯೆಲ್ಲ ಉತ್ತರ ಬಾರದಿದ್ದರೆ ಅದೇ ಕೈ ಬಿಡಬೇಕಿತ್ತು. ಹೋಗಲಿ, ಬೆಳಿಗ್ಗೆ ಪಿಸಿ ಎದ್ದ ಮೇಲೆ ಹಳೇ ಕನೆಕ್ಷನ್‌ನ ಪ್ಯಾಕೆಟ್ ಬಂದರೆ ವಿಂಡೋಸ್ ಆರ್‌ಎಸ್‌ಟಿ ಕಳಿಸಬೇಕಲ್ವಾ? ಆಗಲಾದರೂ ಬಿಡಬೇಕು. ಹಾಗಾಗಿ ಹಾಫ್ ಓಪನ್ ಒಂದರಿಂದಲೇ ಇದು ವಿವರಣೆಯಾಗುವುದಿಲ್ಲ.

ಹಳೇ_ಸೀರಿಯಲ್_ಕೇಬಲ್

ಒಳ್ಳೇ ಪ್ರಶ್ನೆ ಮೇಡಂ. ಎರಡನೆಯದಕ್ಕೆ ಉತ್ತರ ವಿಂಡೋಸ್ ಫೈರ್‌ವಾಲ್‌ನ ಸ್ಟೆಲ್ತ್ ಮೋಡ್. ಫೈರ್‌ವಾಲ್ ಆನ್ ಇದ್ದರೆ, ಯಾರೂ ಕೇಳುತ್ತಿಲ್ಲದ ಪೋರ್ಟಿಗೆ ಪ್ಯಾಕೆಟ್ ಬಂದಾಗ ಆರ್‌ಎಸ್‌ಟಿ ಹೊರಗೆ ಹೋಗದ ಹಾಗೆ ಅದು ತಡೆಯುತ್ತದೆ. ಪೋರ್ಟ್ ಸ್ಕ್ಯಾನ್ ಮಾಡುವವರಿಗೆ ಮೆಷಿನ್ ಇದೆ ಅಂತಲೇ ತಿಳಿಯಬಾರದು ಅನ್ನುವುದು ಉದ್ದೇಶ. ಹಾಗಾಗಿ ಕನ್ವರ್ಟರ್‌ಗೆ ಪಿಸಿ ಎದ್ದರೂ ಒಂದೇ, ಮಲಗಿದ್ದರೂ ಒಂದೇ.

ಮೊದಲನೆಯದು ಡಬ್ಬಿಯಿಂದ ಡಬ್ಬಿಗೆ ಬೇರೆ. ಪೀಣ್ಯದವರು ರಾತ್ರಿ ಇಂಡಿಕೇಟರ್ ಆಫ್ ಮಾಡುತ್ತಿದ್ದರೆ ಕಳಿಸಲು ಡೇಟಾನೇ ಇರುವುದಿಲ್ಲ, ಆಗ ಅದು ಕಾಯುತ್ತಾ ಕೂರುತ್ತದೆ. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ ಪೋರ್ಟ್ 4001ಕ್ಕೆ ಫಿಲ್ಟರ್ ಇಟ್ಟರೆ ಬೆಳಿಗ್ಗೆಯೇ ಗೊತ್ತಾಗುತ್ತದೆ. ಹಳೇ ಪೋರ್ಟ್ ನಂಬರಿಗೆ ರೀಟ್ರಾನ್ಸ್‌ಮಿಶನ್ (ಉತ್ತರ ಬಾರದ್ದಕ್ಕೆ ಮತ್ತೆ ಕಳಿಸಿದ ಪ್ಯಾಕೆಟ್) ಬರುತ್ತಿದ್ದರೆ ನಿಮ್ಮ ಮಾತು, ಏನೂ ಬರದಿದ್ದರೆ ನನ್ನ ಮಾತು.

ಪೀಣ್ಯ_ಕೋಡ್

ಇಂಡಿಕೇಟರ್ ಆಫ್ ಮಾಡುತ್ತಾರೆ ಸರ್. ಕನ್ವರ್ಟರ್ ಮಾತ್ರ ರಾತ್ರಿಯೆಲ್ಲ ಆನ್. ಬೆಳಿಗ್ಗೆ ವೈರ್‌ಶಾರ್ಕ್‌ನಲ್ಲಿ ನೋಡಿದೆ. ನನ್ನ ಸಿನ್ (ಕನೆಕ್ಷನ್ ಕೇಳುವ ಪ್ಯಾಕೆಟ್) ಹೋಗುತ್ತದೆ, ಅಲ್ಲಿಂದ ಆರ್‌ಎಸ್‌ಟಿ ಬರುತ್ತದೆ, ಅಷ್ಟೇ. ಇಂಡಿಕೇಟರ್ ಆನ್ ಮಾಡಿದ ಮೇಲೆ ಮೇಡಂ ಹೇಳಿದ ರೀಟ್ರಾನ್ಸ್‌ಮಿಶನ್ ಶುರುವಾಯಿತು. ಹಳೇ ಪೋರ್ಟಿಗೆ ಬಂದು ಬಂದು ಬೀಳುತ್ತದೆ, ಪಿಸಿ ಉತ್ತರ ಕೊಡುವುದಿಲ್ಲ. ಇಬ್ಬರ ಮಾತೂ ಕಣ್ಣಾರೆ ಕಂಡಂತಾಯಿತು. ಕನ್ವರ್ಟರ್ ಸೆಟ್ಟಿಂಗ್‌ನಲ್ಲಿ ಇನ್‌ಆ್ಯಕ್ಟಿವ್ ಟೈಮ್ ಸೊನ್ನೆ ಇತ್ತು, 30 ಮಾಡಿದೆ. ಈಗ ಯುಪಿಎಸ್ ಬಟನ್ ಒತ್ತಿ ಆನ್ ಮಾಡಿದರೂ ಪಿಸಿ ಎದ್ದು ಬರುವಷ್ಟರಲ್ಲಿ ಕನ್ವರ್ಟರ್ ಖಾಲಿ.

ಅಡ್ಡಗೆರೆಯೂ ಹಾಕಿದ್ದೇನೆ. ಚೀಟಿಯ ಮೇಲೆ ತೂಕ ಓದಿದ ಗಂಟೆ, ನಿಮಿಷ, ಸೆಕೆಂಡ್ ಕೂಡ ಪ್ರಿಂಟ್ ಆಗುತ್ತದೆ, ಜಗಳ ಬಂದರೆ ನೋಡಬಹುದು. 450 ಆಮೇಲೆ ಕಂಡಿಲ್ಲ, ಎಸೆದ ತುಂಡುಗಳು ಮಾತ್ರ ಲಾಗ್‌ನಲ್ಲಿ ಸಿಗುತ್ತಿವೆ.

ಇನ್ನೊಂದು ಸಣ್ಣದು ಉಳಿದಿದೆ. ಗೇಟಿನಲ್ಲಿ ಇನ್ನೊಂದು ಪಿಸಿ ಇದೆ, ಅದು ಆಫೀಸ್ ಪಿಸಿಯ 5050ನೇ ಪೋರ್ಟಿಗೆ ಕನೆಕ್ಟ್ ಆಗಿ ತೂಕ ತೋರಿಸಬೇಕು. ಮೊದಲು ಬರುತ್ತಿತ್ತು. ಇಂಟರ್ನೆಟ್‌ನವರು ಹೊಸ ರೂಟರ್ ಹಾಕಿ ಹೋದ ಮೇಲೆ 20 ಸೆಕೆಂಡ್ ತಿಣುಕಿ 10060, ಟೈಮ್‌ಔಟ್ ಕೊಡುತ್ತದೆ. ಪಿಂಗ್ ಕೂಡ ಇಲ್ಲ.

ಮಲ್ಲೇಶ್ವರಂ_ಪ್ಯಾಕೆಟ್

ರೂಟರ್ ಬದಲಾದರೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂದುಕೊಳ್ಳುತ್ತದೆ, ಅಪರಿಚಿತ ನೆಟ್‌ವರ್ಕ್‌ಗೆ ಇರುವ ಪಬ್ಲಿಕ್ ಪ್ರೊಫೈಲ್ ಹಾಕಿಬಿಡುತ್ತದೆ. ನಿಮ್ಮ ಫೈರ್‌ವಾಲ್ ರೂಲ್ ಪ್ರೈವೇಟ್‌ಗೆ ಮಾತ್ರ ಇರಬೇಕು. ಆಫೀಸ್ ಪಿಸಿಯ ಪವರ್‌ಶೆಲ್‌ನಲ್ಲಿ ಗೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್ ಹಾಕಿ ನೋಡಿ.

ಆದರೆ 10060 ಅಂದ ಕೂಡಲೇ ರೂಲ್‌ನದ್ದೇ ತಪ್ಪು ಅಂತ ಹೊರಡಬೇಡಿ. ಮೇಲೆ ಸ್ಟೆಲ್ತ್ ಮೋಡ್ ಮಾತು ಬಂತಲ್ಲ, ಅದು ಇಲ್ಲೂ ಕಾಡುತ್ತದೆ. ಪ್ರೋಗ್ರಾಂ ಓಡುತ್ತಲೇ ಇಲ್ಲದಿದ್ದರೂ, ಅಥವಾ 127.0.0.1 (ಅದೇ ಪಿಸಿಯ ಒಳಗಿನ ವಿಳಾಸ) ಮೇಲೆ ಮಾತ್ರ ಲಿಸನ್ ಮಾಡುತ್ತಿದ್ದರೂ, ಹೊರಗಿನ ಪಿಸಿಗೆ ರೆಫ್ಯೂಸ್ಡ್ ಬದಲು ಟೈಮ್‌ಔಟೇ ಕಾಣಬಹುದು. ನೆಟ್‌ಸ್ಟ್ಯಾಟ್‌ನಲ್ಲಿ 5050ರ ಎದುರು 0.0.0.0 (ಪಿಸಿಯ ಎಲ್ಲ ವಿಳಾಸಗಳ ಮೇಲೂ ಅಂತ ಅರ್ಥ) ಇದೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ರೂಟರ್ ಹೊಸದು ಅಂದರೆ ಆಫೀಸ್ ಪಿಸಿಯ ಐಪಿ ಬದಲಾಗಿದೆಯಾ ಅಂತಲೂ ನೋಡಿ. ಗೇಟಿನ ಪಿಸಿಯಲ್ಲಿ ಹಳೇ ಐಪಿ ಬರೆದಿಟ್ಟಿರುತ್ತೀರಿ.

ಪೀಣ್ಯ_ಕೋಡ್

0.0.0.0 ಇದೆ, ಐಪಿ ಅದೇ ಇದೆ, ಪ್ರೊಫೈಲ್ ಪಬ್ಲಿಕ್ ಅಂತ ತೋರಿಸಿತು ಮೇಡಂ. ಪ್ರೈವೇಟ್ ಮಾಡಿದೆ, ಗೇಟಿನಲ್ಲಿ ತೂಕ ಬಂತು. ಇನ್‌ಸ್ಟಾಲರ್‌ನಲ್ಲಿ 5050ರ ರೂಲ್ ಅನ್ನು ಪಬ್ಲಿಕ್‌ಗೂ ಸೇರಿಸುತ್ತೇನೆ, ಆದರೆ ಲೋಕಲ್ ಸಬ್‌ನೆಟ್‌ಗೆ (ಯಾರ್ಡಿನ ಒಳಗಿನ ಲ್ಯಾನ್‌ಗೆ) ಮಾತ್ರ. ಮುಂದಿನ ಸಲ ರೂಟರ್ ಬದಲಾದರೆ ಮಾಲೀಕರು ನನಗೆ ಫೋನ್ ಮಾಡಿ ಹೇಳುವವರಲ್ಲ.